ಕೂಗುವ ಬೆಕ್ಕನ್ನು ಗೋಣಿಚೀಲಕ್ಕೆ ತುಂಬುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಮನೆಯಲ್ಲಿ ಎರಡು ಬೆಕ್ಕುಗಳು ಕಿತ್ತಾಡತೊಡಗಿದರೆ ನಮ್ಮ ಕಡೆ ಹೆಚ್ಚಾಗಿ ನಡೆಯುವುದು ಒಂದೇ. ಜಾಸ್ತಿ ಗಲಾಟೆ ಮಾಡುವುದನ್ನು ಹಿಡಿದು ಗೋಣಿಚೀಲಕ್ಕೆ ತುಂಬುತ್ತಾರೆ, ಬೈಕಿನಲ್ಲಿ ಒಯ್ದು ಕೆರೆ ಏರಿಯ ಮೇಲೋ ಹೈವೇ ಪಕ್ಕದ ಹೋಟೆಲಿನ ಹಿಂದೆಯೋ ಬಿಟ್ಟು ಬರುತ್ತಾರೆ. ತುಮಕೂರು ನಗರದಲ್ಲಿ ತಾರಸಿಗೆ ತಾರಸಿ ತಾಗಿದ ಮನೆಗಳಲ್ಲೂ ಹೀಗೇ, ತಿಪಟೂರು ಕಡೆ ಕೊಬ್ಬರಿ ಅಟ್ಟಕ್ಕೆ ಇಲಿ ಹತ್ತದಿರಲೆಂದು ಮೂರು ನಾಲ್ಕು ಕೊತ್ತಿ ಸಾಕುವ ಮನೆಗಳಲ್ಲೂ ಹೀಗೇ. ಹೀಗೆ ಹೊರಬೀಳುವುದು ಬಹಳ ಸಲ ಜಗಳ ತೆಗೆದ ಬೆಕ್ಕಲ್ಲ, ಹೆದರಿ ಕೂಗಿದ ಬೆಕ್ಕು. ಜಗಳ ತೆಗೆದದ್ದು ಸದ್ದಿಲ್ಲದೆ ಕೂತಿರುವುದರಿಂದ ಒಳ್ಳೆಯದು ಅನ್ನಿಸಿಕೊಂಡು ಮನೆಯಲ್ಲೇ ಉಳಿಯುತ್ತದೆ. ಕೆಲವು ವಾರ ಕಳೆದ ಮೇಲೆ ಉಳಿದ ಇನ್ನೊಂದರ ಜೊತೆ ಮತ್ತೆ ಅದೇ ಶುರುವಾಗುತ್ತದೆ. ಇದು ನಿಲ್ಲಬೇಕಾದರೆ ಬೆಕ್ಕಿನ ಯಾವ ದನಿಗೆ ಏನರ್ಥ ಅನ್ನುವುದು ಸಾಕುವವರಿಗೆ ತಿಳಿದಿರಬೇಕು.

1944ರಲ್ಲಿ ಅಮೆರಿಕದ ಮಿಲ್ಡ್ರೆಡ್ ಮೋಲ್ಕ್ ಎಂಬುವರು ಸಾಕುಬೆಕ್ಕಿನ ದನಿಗಳನ್ನು ಹದಿನಾರು ಬಗೆಯಾಗಿ ವಿಂಗಡಿಸಿದರು. ಅವರು ಅವನ್ನು ಮೂರು ಗುಂಪು ಮಾಡಿದ್ದು ಬೆಕ್ಕಿನ ಬಾಯಿ ಹೇಗಿರುತ್ತದೆ ಎಂದು ನೋಡಿ. ಬಾಯಿ ಮುಚ್ಚಿಕೊಂಡೇ ಹೊರಡಿಸುವ ದನಿಗಳದು ಒಂದು ಗುಂಪು. ಮಡಿಲಲ್ಲಿ ಮಲಗಿದಾಗಿನ ಗುರುಗುರು, ತಾಯಿ ಮರಿಗಳನ್ನು ಕರೆಯುವಾಗ ಗಂಟಲಲ್ಲೇ ಹೊರಳಿಸುವ ಸಣ್ಣ ದನಿ ಇದರಲ್ಲಿ ಬರುತ್ತವೆ. ಬಾಯಿ ತೆರೆದು ಮೆಲ್ಲಗೆ ಮುಚ್ಚುತ್ತಾ ಹೊರಡಿಸುವ ಮಿಯಾಂವ್ ಎರಡನೆಯದು. ಬಾಯಿ ತೆರೆದು, ಹಾಗೇ ಬಿಗಿಹಿಡಿದು ಹೊರಡಿಸುವುದು ಮೂರನೆಯದು. ಗುರ್ರೆನ್ನುವುದು, ಬುಸ್ಸೆನ್ನುವುದು, ಏರಿಳಿಸಿ ಅರಚುವುದು, ಕಿರುಚುವುದು ಎಲ್ಲ ಈ ಗುಂಪಿನವು, ಜಗಳದ ದನಿಗಳೂ ಇವೇ. ಕಿವಿಗೆ ಗೊಂದಲವಾದರೆ ಬಾಯಿ ನೋಡಿದರೆ ತಿಳಿಯುತ್ತದೆ.

ಸಮಾಧಾನದ ಗುರುಗುರುವನ್ನೂ ಸಿಟ್ಟಿನ ಗುರ್ರನ್ನೂ ಗುರುತಿಸಲು ಇನ್ನೊಂದು ಉಪಾಯವಿದೆ. ಮೊದಲನೆಯದು ಉಸಿರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕಡಿಯದೆ ಕೇಳಿಸುತ್ತದೆ. ಎರಡನೆಯದು ಉಸಿರು ಬಿಡುವಾಗ ಮಾತ್ರ ಬರುತ್ತದೆ, ತಗ್ಗಿನ ಸ್ವರದಲ್ಲಿ ಉದ್ದಕ್ಕೆ ಎಳೆದು ನಿಲ್ಲುತ್ತದೆ. ನೋವಿನಲ್ಲಿರುವ ಬೆಕ್ಕೂ, ಮರಿ ಹಾಕುತ್ತಿರುವ ಬೆಕ್ಕೂ ಗುರುಗುರು ಅನ್ನುವುದುಂಟು. ಹಾಗಾಗಿ ಊಟ ಬಿಟ್ಟು ಮೂಲೆಯಲ್ಲಿ ಮುದುಡಿ ಕೂತ ಬೆಕ್ಕು ಗುರುಗುಟ್ಟುತ್ತಿದೆ ಎಂದು ನಿಶ್ಚಿಂತರಾಗಬಾರದು. ಮಿಯಾಂವ್ ಮಾತ್ರ ಜಗಳಕ್ಕೆ ಸಂಬಂಧಿಸಿದ್ದೇ ಅಲ್ಲ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಅದನ್ನು ಬಳಸುವುದು ಅಪರೂಪ, ಅದು ಹೆಚ್ಚಾಗಿ ಮನುಷ್ಯರ ಜೊತೆಗಿನ ಮಾತು.

ಬುಸ್ಸೆನ್ನುವುದಕ್ಕೆ ಅರ್ಥ ಒಂದೇ: ಹತ್ತಿರ ಬರಬೇಡ. ಹೊಡೆಯಲು ಹೊರಟ ಬೆಕ್ಕು ಬುಸ್ಸೆನ್ನುವುದಿಲ್ಲ, ಹೊಡೆತ ಬೀಳಬಹುದೆಂದು ಅಂಜಿದ ಬೆಕ್ಕು ಬುಸ್ಸೆನ್ನುತ್ತದೆ. ಗುರ್ರ್ ಅದಕ್ಕಿಂತ ಒಂದು ಮೆಟ್ಟಿಲು ಮೇಲು; ದೂರ ಸರಿಯದಿದ್ದರೆ ಪಂಜ ಎತ್ತುತ್ತೇನೆ ಎಂಬ ಎಚ್ಚರಿಕೆ. ರಾತ್ರಿ ಕಾಂಪೌಂಡ್ ಗೋಡೆಯ ಮೇಲೆ ಎರಡು ಗಂಡು ಬೆಕ್ಕುಗಳು ಎದುರುಬದುರು ನಿಂತು ಹಸುಗೂಸಿನ ಹಾಗೆ ಏರಿಳಿಸಿ ಅರಚುವುದನ್ನು ಅಪಶಕುನ ಅನ್ನುವವರಿದ್ದಾರೆ. ಅದು ಜಾಗದ ಚೌಕಾಸಿ, ಬೇರೇನೂ ಅಲ್ಲ. ಒಂದು ಬೆಕ್ಕು ಮುಖ ತಿರುಗಿಸಿ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಾ ಬಹಳ ನಿಧಾನವಾಗಿ ಹಿಂದೆ ಸರಿದರೆ ಅಲ್ಲಿಗೆ ಮುಗಿಯಿತು. ಇಂಥ ಎಷ್ಟೋ ಪಂದ್ಯಗಳು ಒಂದು ಉಗುರೂ ತಾಗದೆ ಮುಗಿಯುತ್ತವೆ. ತೀಕ್ಷ್ಣವಾಗಿ ಒಮ್ಮೆಲೇ ಕಿರುಚಿದ್ದು ಕೇಳಿಸಿದರೆ ಮಾತ್ರ ಮೈಗೆ ಮೈ ತಾಗಿದೆ, ಒಂದಕ್ಕೆ ನೋವಾಗಿದೆ ಎಂದು ತಿಳಿಯಬೇಕು.

ಬುಸ್ಸೆಂದದ್ದಕ್ಕೆ ಪೊರಕೆಯಲ್ಲಿ ಹೊಡೆದರೆ ಬೆಕ್ಕು ಬುಸ್ಸೆನ್ನುವುದನ್ನು ಬಿಡಬಹುದು, ಹೆದರುವುದನ್ನು ಬಿಡುವುದಿಲ್ಲ. ಮುಂದಿನ ಸಲ ಅದು ಎಚ್ಚರಿಕೆಯನ್ನು ಬಿಟ್ಟು ನೇರವಾಗಿ ಪರಚುತ್ತದೆ. 'ಇದ್ದಕ್ಕಿದ್ದಂತೆ ಕಚ್ಚಿತು' ಅನ್ನುವ ದೂರುಗಳಲ್ಲಿ ಎಷ್ಟೋ ಹೀಗೆ ಮನೆಯವರೇ ಕಲಿಸಿದ ಪಾಠ.

ಇನ್ನು ಸದ್ದಿಲ್ಲದ ಬೆಕ್ಕಿನ ವಿಷಯ. ಅದು ಅಡುಗೆಮನೆಯ ಹೊಸ್ತಿಲಿಗೆ ಅಡ್ಡಲಾಗಿ, ಕಾಲು ನಾಲ್ಕನ್ನೂ ಹೊಟ್ಟೆಯಡಿ ಮಡಿಸಿಕೊಂಡು ಆರಾಮಾಗಿ ಕೂತಂತೆ ಕಾಣುತ್ತದೆ. ಕಣ್ಣು ರೆಪ್ಪೆ ಹೊಡೆಯದೆ ಇನ್ನೊಂದರ ಮೇಲೆ ನೆಟ್ಟಿರುತ್ತದೆ. ಕಿವಿಗಳು ಒಂದಿಷ್ಟು ಪಕ್ಕಕ್ಕೆ ತಿರುಗಿರುತ್ತವೆ. ಬಾಲ ನೆಲದ ಮೇಲೆ ಚಾಚಿದ್ದು, ತುದಿಯ ಒಂದು ಅಂಗುಲ ಮಾತ್ರ ಅತ್ತಿತ್ತ ಮಿಸುಕುತ್ತಿರುತ್ತದೆ. ಊಟಕ್ಕೆಂದು ಬಂದ ಎರಡನೆಯ ಬೆಕ್ಕು ನಾಲ್ಕು ಅಡಿ ದೂರದಲ್ಲೇ ನಿಂತು, ತುಟಿ ನೆಕ್ಕಿಕೊಂಡು, ಮುಖ ಬೇರೆ ಕಡೆ ಮಾಡಿ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಇಷ್ಟೂ ಹೊತ್ತು ಒಂದು ಸದ್ದಿಲ್ಲ. ಮನೆಯವರಿಗೆ ಕಾಣುವುದು 'ಈ ಬೆಕ್ಕು ಯಾಕೋ ಸರಿಯಾಗಿ ತಿನ್ನುತ್ತಿಲ್ಲ' ಎಂಬುದಷ್ಟೇ. ಹೀಗೆ ದಾರಿ ಕಟ್ಟುವುದೇ ಮನೆಬೆಕ್ಕುಗಳ ನಡುವಿನ ದಬ್ಬಾಳಿಕೆಯ ನಿತ್ಯದ ರೂಪ. ದಿನವೂ ಇದನ್ನು ಸಹಿಸುವ ಬೆಕ್ಕು ಹಾಸಿಗೆಯ ಮೇಲೆ ಉಚ್ಚೆ ಹೊಯ್ಯುತ್ತದೆ, ಬೀರುವಿನ ಹಿಂದೆ ಸೇರಿಕೊಳ್ಳುತ್ತದೆ, ಕೊನೆಗೊಂದು ದಿನ ತಾಳಲಾರದೆ ಅರಚುತ್ತದೆ. ಗೋಣಿಚೀಲ ಬರುವುದು ಆಗ.

ಆಟವೋ ಜಗಳವೋ ತಿಳಿಯದೆ ಗಾಬರಿಯಾಗುವವರೂ ಇದ್ದಾರೆ. 2023ರಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 105 ಜೋಡಿ ಬೆಕ್ಕುಗಳ ವಿಡಿಯೋಗಳನ್ನು ಪರಿಶೀಲಿಸಿತ್ತು. ನೆಲದ ಮೇಲೆ ಉರುಳಾಡಿ ಒಂದನ್ನೊಂದು ತಬ್ಬಿ ಗುದ್ದಾಡುವುದು ಆಟದ ಕಡೆಗೆ ಸೇರುತ್ತದೆ, ದನಿಗಳೂ ಬೆನ್ನಟ್ಟುವಿಕೆಯೂ ಜಗಳದ ಕಡೆಗೆ ಸೇರುತ್ತವೆ, ಎರಡರ ನಡುವೆ ನಿಲ್ಲುವಂಥವೂ ಉಂಟು ಎಂಬುದು ಅದರ ಸಾರ. ಮನೆಯಲ್ಲಿ ನೋಡಬೇಕಾದ್ದು ಸರದಿ. ಒಮ್ಮೆ ಇದು ಕೆಳಗೆ, ಒಮ್ಮೆ ಅದು ಕೆಳಗೆ; ನಡುವೆ ನಿಲ್ಲಿಸಿ ಮೈ ನೆಕ್ಕಿಕೊಂಡು ಮತ್ತೆ ತಾವಾಗಿಯೇ ಎದುರಾಗುತ್ತವೆ ಎಂದಾದರೆ ಆಟ. ಯಾವಾಗಲೂ ಒಂದೇ ಓಡುತ್ತದೆ, ಇನ್ನೊಂದೇ ಅಟ್ಟುತ್ತದೆ, ಓಡಿದ್ದು ಮತ್ತೆ ಬಾರದೆ ಅಡಗಿಕೊಳ್ಳುತ್ತದೆ ಎಂದಾದರೆ ಅದು ಆಟವಲ್ಲ. ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿ ಪಶುವೈದ್ಯರಿಗೆ ತೋರಿಸಿದರೆ ಬಾಯಲ್ಲಿ ಹೇಳುವುದಕ್ಕಿಂತ ಹೆಚ್ಚು ಅನುಕೂಲ.

ಜಗಳದ ಕಾರಣಗಳಲ್ಲಿ ಮೊದಲು ಹೇಳಬೇಕಾದ್ದು ಊಟದ ತಟ್ಟೆ. ಇದ್ದಬದ್ದ ಬೆಕ್ಕುಗಳಿಗೆಲ್ಲ ಒಂದೇ ತಟ್ಟೆಯಲ್ಲಿ ಹಾಲನ್ನ ಸುರಿದು 'ಬಾ ಪುಸ್ಸೀ' ಎಂದು ಕರೆಯುವುದು ನಮ್ಮ ರೂಢಿ. ಬೆಕ್ಕು ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಪ್ರಾಣಿ. ತಲೆಗೆ ತಲೆ ತಾಗಿಸಿ ತಿನ್ನುವುದು ಅದಕ್ಕೆ ಹಿಂಸೆ. ಹಸಿವಿಗೆ ತಡೆದುಕೊಂಡು ತಿನ್ನುತ್ತವೆ, ಅದನ್ನೇ ನಾವು ಅನ್ಯೋನ್ಯ ಎಂದುಕೊಳ್ಳುತ್ತೇವೆ. ಬೆಕ್ಕಿಗೊಂದು ತಟ್ಟೆ ಇಡಿ, ಒಂದು ತಿನ್ನುವಾಗ ಇನ್ನೊಂದು ಕಾಣದ ಹಾಗೆ ಇಡಿ. ಒಂದು ಅಡುಗೆಮನೆಯಲ್ಲಿ, ಒಂದು ಹಜಾರದಲ್ಲಿ, ಮೂರನೆಯದಿದ್ದರೆ ಹಿತ್ತಲ ಬಾಗಿಲ ಹತ್ತಿರ. ಹೊತ್ತಿಗೊಮ್ಮೆ ರಾಶಿ ಹಾಕುವ ಬದಲು ಅಷ್ಟನ್ನೇ ನಾಲ್ಕೈದು ಸಲಕ್ಕೆ ಹಂಚಿದರೆ ಕಾದಾಟ ಇನ್ನೂ ಇಳಿಯುತ್ತದೆ. ಹಾಲನ್ನವೊಂದೇ ಸಾಲದು ಅನ್ನುವುದನ್ನೂ ಇಲ್ಲೇ ಹೇಳಬೇಕು. ಬೆಕ್ಕಿಗೆ ಬೇಕಾದ ಟೌರಿನ್ ಎಂಬ ಅಂಶ ಸಿಗುವುದು ಮಾಂಸ, ಮೀನುಗಳಲ್ಲಿ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಸರಿಯಾಗಿ ಜೀರ್ಣವಾಗದೆ ಭೇದಿಯೂ ಆಗುತ್ತದೆ.

ಮಲಮೂತ್ರದ ಟ್ರೇಗೂ ಇದೇ ಮಾತು. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಟ್ರೇ ಇರಬೇಕು, ಎರಡು ಬೆಕ್ಕಿಗೆ ಮೂರು. ಮೂರನ್ನೂ ಸಾಲಾಗಿ ಬಚ್ಚಲ ಮೂಲೆಯಲ್ಲಿ ಜೋಡಿಸಿದರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ, ಏಕೆಂದರೆ ಬಾಗಿಲಲ್ಲಿ ಕೂತ ಒಂದು ಬೆಕ್ಕು ಮೂರಕ್ಕೂ ದಾರಿ ಕಟ್ಟಬಲ್ಲದು. ಟ್ರೇಯ ಉದ್ದ ಬಾಲ ಬಿಟ್ಟು ಬೆಕ್ಕಿನ ಮೈ ಉದ್ದದ ಒಂದೂವರೆಯಷ್ಟಿರಲಿ. ಜರಡಿ ಹಿಡಿದ ಸಣ್ಣ ಮರಳು ಅಥವಾ ಒಣಗಿದ ತೆಂಗಿನ ನಾರಿನ ಪುಡಿಯನ್ನು ಎರಡು ಅಂಗುಲ ಹಾಕಿದರೆ ಸಾಕು. ನಾರಿನ ಪುಡಿ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟವಲ್ಲ. ಗಟ್ಟಿಯಾದುದನ್ನು ದಿನವೂ ಬಳಿದು ತೆಗೆಯಬೇಕು.

ಅಟ್ಟವಿರುವ ಮನೆಗಳಲ್ಲಿ ಒಂದು ವಿಶೇಷ ತೊಂದರೆ ಇದೆ. ಕೊಬ್ಬರಿಗೆಂದು ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೇ ಇರುವುದರಿಂದ ಇಲಿಯೂ ಅಲ್ಲೇ, ಬೆಕ್ಕಿಗೆ ಬೆಚ್ಚಗಿನ ಜಾಗವೂ ಅಲ್ಲೇ. ಹತ್ತಲು ಮಾತ್ರ ಒಂದೇ ಏಣಿ. ಏಣಿಯ ತಲೆಯಲ್ಲಿ ಒಂದು ಬೆಕ್ಕು ಕೂತರೆ ಮೇಲಿರುವುದು ಇಳಿಯುವಂತಿಲ್ಲ, ಕೆಳಗಿರುವುದು ಹತ್ತುವಂತಿಲ್ಲ. ಇನ್ನೊಂದು ಕಡೆಯಿಂದ ಒಂಬತ್ತು ಅಂಗುಲ ಅಗಲದ ಹಲಗೆಯೊಂದನ್ನು ಓರೆಯಾಗಿ ಆನಿಸಿ, ಜಾರದಂತೆ ಅದಕ್ಕೆ ಗೋಣಿತಾಟು ಸುತ್ತಿ ಮೊಳೆ ಹೊಡೆದರೆ ಎರಡನೆಯ ದಾರಿಯಾಯಿತು. ಅಟ್ಟವಿಲ್ಲದ ತಾರಸಿ ಮನೆಗಳಲ್ಲಿ ಸಜ್ಜೆಯ ಮೇಲೆ ಒಂದಿಷ್ಟು ಜಾಗ ಖಾಲಿ ಮಾಡಿ, ಅಥವಾ ಗೋಡೆಗೆ ನಾಲ್ಕೈದು ಅಡಿ ಎತ್ತರದಲ್ಲಿ ಹಲಗೆ ಹಾಕಿ, ಹತ್ತಲು ಒಂದು ಕಡೆ ಇಳಿಯಲು ಒಂದು ಕಡೆ ದಾರಿ ಕೊಡಿ. ಮನೆ ಚಿಕ್ಕದು ಅನ್ನುವುದು ದೊಡ್ಡ ಅಡ್ಡಿಯಲ್ಲ. ತಪ್ಪಿಸಿಕೊಳ್ಳಲು ಎರಡನೆಯ ದಾರಿ ಇಲ್ಲದಿರುವುದೇ ಅಡ್ಡಿ.

ಚೆನ್ನಾಗಿದ್ದ ಬೆಕ್ಕುಗಳು ಒಂದೇ ದಿನದಲ್ಲಿ ಕಡುವೈರಿಗಳಾದರೆ ಎರಡು ಕಾರಣಗಳನ್ನು ಮೊದಲು ಹುಡುಕಬೇಕು. ಒಂದು, ಕಿಟಕಿ. ಹೊರಗೆ ಗೋಡೆಯ ಮೇಲೆ ಬೀದಿಯ ಗಂಡು ಬೆಕ್ಕು ಕಾಣಿಸಿಕೊಂಡಿತು, ಒಳಗಿನದಕ್ಕೆ ಅದರ ಮೇಲೆ ಎರಗಲಾಗಲಿಲ್ಲ, ಅದೇ ಹೊತ್ತಿಗೆ ಪಕ್ಕಕ್ಕೆ ಬಂದ ಮನೆಯ ಬೆಕ್ಕಿನ ಮೇಲೆ ಬಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಗಾದೆ ಕೊತ್ತಿಗಳ ಲೋಕದಲ್ಲೂ ಹೀಗೆ ನಿಜವಾಗುತ್ತದೆ. ಆ ಉದ್ರೇಕ ಗಂಟೆಗಟ್ಟಲೆ ಇಳಿಯದು. ಆಗ ಎತ್ತಿಕೊಳ್ಳಲು ಹೋದ ಕೈಗೂ ಕಚ್ಚುತ್ತದೆ. ಅದನ್ನು ಕತ್ತಲ ಕೋಣೆಯಲ್ಲಿ ನೀರು, ಟ್ರೇ ಸಮೇತ ಬಿಟ್ಟು ಬಾಗಿಲು ಹಾಕಿ. ತಾನಾಗಿ ತಿಂದು ಮೈ ನೆಕ್ಕಿಕೊಳ್ಳುವವರೆಗೆ ತೆರೆಯಬೇಡಿ. ಕಿಟಕಿಯ ಕೆಳ ಅರ್ಧಕ್ಕೆ ಕಾಗದ ಅಂಟಿಸಿ. ಎರಡು, ಆಸ್ಪತ್ರೆಯ ವಾಸನೆ. ಬೆಕ್ಕುಗಳು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ಮೂಗಿನಿಂದ. ಚುಚ್ಚುಮದ್ದು ಹಾಕಿಸಿಕೊಂಡು, ಸ್ಪಿರಿಟ್ ವಾಸನೆ ಹೊತ್ತು ಬಂದದ್ದು ಮನೆಯಲ್ಲಿದ್ದ ಬೆಕ್ಕಿಗೆ ಅಪರಿಚಿತ. ಹಾಗೆ ಬಂದದ್ದನ್ನು ಒಂದು ದಿನ ಬೇರೆ ಕೋಣೆಯಲ್ಲಿಟ್ಟು, ಮನೆಯ ಬೆಕ್ಕು ಮಲಗುವ ಬಟ್ಟೆಯಿಂದ ಅದರ ಮೈ ಒರೆಸಿ ಆಮೇಲೆ ಬಿಡಬೇಕು.

ಜಗಳ ಮಿತಿಮೀರಿದ್ದರೆ, ಅಥವಾ ಹೊಸ ಬೆಕ್ಕು ತಂದಿದ್ದರೆ, ಎರಡನ್ನೂ ಪೂರ್ತಿ ಬೇರೆ ಮಾಡಿ ಮೊದಲಿನಿಂದ ಪರಿಚಯ ಮಾಡಿಸಬೇಕು. 'ಒಂದೇ ಕೋಣೆಯಲ್ಲಿ ಕೂಡಿಹಾಕಿ, ಕಿತ್ತಾಡಿ ಸರಿಹೋಗಲಿ' ಅನ್ನುವುದು ಬಹಳ ಕೆಟ್ಟ ಸಲಹೆ. ಬೆಕ್ಕುಗಳಿಗೆ ಜಗಳದ ನಂತರ ರಾಜಿಯಾಗುವ ಪದ್ಧತಿ ನಾಯಿಗಳಿಗಿದ್ದಂತೆ ಇಲ್ಲ, ಪ್ರತಿ ಜಗಳವೂ ಮುಂದಿನದಕ್ಕೆ ಬೀಜ. ಮೊದಲ ಮೂರು ನಾಲ್ಕು ದಿನ ಒಂದಕ್ಕೊಂದು ಕಾಣಬಾರದು, ವಾಸನೆ ಮಾತ್ರ ಹೋಗಬೇಕು. ಒಂದು ಶುಭ್ರವಾದ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಒಂದರ ಕೆನ್ನೆ, ಗಲ್ಲ ಸವರಿ, ಅದನ್ನು ಇನ್ನೊಂದರ ತಟ್ಟೆಯ ಹತ್ತಿರ ಇಡಿ. ಕೆನ್ನೆಯಲ್ಲಿರುವ ಗ್ರಂಥಿಗಳ ವಾಸನೆ ಸ್ನೇಹದ್ದು. ಬಾಲದ ಬುಡದ ಕಡೆ ಸವರಬೇಡಿ. ಇನ್ನೊಂದು ಅದನ್ನು ಮೂಸಿ ಬುಸ್ಸೆನ್ನದೆ ಊಟಕ್ಕೆ ಬಾಯಿ ಹಾಕಿದರೆ ಮುಂದಿನ ಹೆಜ್ಜೆ. ಮುಚ್ಚಿದ ಬಾಗಿಲ ಎರಡೂ ಬದಿಗೆ, ಬಾಗಿಲಿಂದ ಐದಾರು ಅಡಿ ದೂರದಲ್ಲಿ ತಟ್ಟೆಗಳನ್ನಿಟ್ಟು ಒಂದೇ ಹೊತ್ತಿಗೆ ಊಟ ಹಾಕಿ. ಎರಡೂ ನಿರಾಳವಾಗಿ ತಿನ್ನುತ್ತಿದ್ದರೆ ದಿನಕ್ಕೊಂದು ಗೇಣು ಹತ್ತಿರ ತನ್ನಿ. ಬಾಗಿಲ ಹತ್ತಿರಕ್ಕೆ ಬಂದ ಮೇಲೆ ಬಾಗಿಲಿಗೆ ಸೊಳ್ಳೆ ಜಾಲರಿಯ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಬೆಡ್‌ಶೀಟ್ ಇಳಿಬಿಟ್ಟು, ಊಟದ ಹೊತ್ತಿಗೆ ಮಾತ್ರ ಕೆಳಗಿನ ಒಂದು ಅಡಿ ಎತ್ತಿ. ಕೊನೆಯದಾಗಿ ಜಾಲರಿ ತೆಗೆದು ಐದು ನಿಮಿಷ ಜೊತೆಗೆ ಬಿಡಿ. ಆಗ ದಾರದ ತುದಿಗೆ ಗರಿಯನ್ನೋ ಬಟ್ಟೆಯ ಚೂರನ್ನೋ ಕಟ್ಟಿ ಒಬ್ಬೊಬ್ಬರು ಒಂದೊಂದನ್ನು ಆಡಿಸುತ್ತಿರಬೇಕು. ಚೆನ್ನಾಗಿರುವಾಗಲೇ ನಿಲ್ಲಿಸುವುದು ಮುಖ್ಯ. ಗುರ್ರೆಂದ ಮೇಲೆ ನಿಲ್ಲಿಸಿದರೆ ಅವುಗಳಿಗೆ ಉಳಿಯುವುದು ಆ ಗುರ್ರ್ ಮಾತ್ರ. ಯಾವ ಹಂತದಲ್ಲಿ ಒಂದು ಊಟ ಬಿಟ್ಟು ದಿಟ್ಟಿಸತೊಡಗುತ್ತದೋ ಅಲ್ಲಿಂದ ಒಂದು ಹಂತ ಹಿಂದಕ್ಕೆ ಹೋಗಿ. ಇದಕ್ಕೆಲ್ಲ ಎರಡು ವಾರವಾದರೂ ಬೇಕು, ಕೆಲವಕ್ಕೆ ತಿಂಗಳುಗಳೇ ಬೇಕು. ಆತುರಪಟ್ಟವರ ಮನೆಯಲ್ಲಿ ಮೂರನೆಯ ದಿನವೇ ಎಲ್ಲ ಮೊದಲಿಗೆ ಬರುತ್ತದೆ.

ಕಣ್ಣೆದುರೇ ಕಚ್ಚಾಡುತ್ತಿದ್ದರೆ ಕೈ ಹಾಕಬೇಡಿ, ಮಕ್ಕಳನ್ನು ಬಿಡಬೇಡಿ. ದೊಡ್ಡ ರಟ್ಟನ್ನೋ ದಪ್ಪ ದಿಂಬನ್ನೋ ನಡುವೆ ತೂರಿಸಿ. ಒಂದರ ನೋಟಕ್ಕೆ ಇನ್ನೊಂದು ಮರೆಯಾದರೆ ಸಾಕು, ಬಿಡುತ್ತವೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ನೋವು. ಸೊಂಟ ಮುಟ್ಟಿದರೆ ಗುರ್ರೆನ್ನುವ ಮುದಿ ಬೆಕ್ಕಿಗೆ ಕೀಲುನೋವಿರಬಹುದು, ತಟ್ಟೆಯ ಮುಂದೆ ಬುಸ್ಸೆನ್ನುವುದಕ್ಕೆ ಹಲ್ಲುನೋವಿರಬಹುದು. ಹತ್ತು ವರ್ಷ ದಾಟಿದ ಬೆಕ್ಕು ರಾತ್ರಿ ಕಾರಣವಿಲ್ಲದೆ ಅರಚತೊಡಗಿದರೆ ಥೈರಾಯ್ಡ್, ಮೂತ್ರಪಿಂಡ, ರಕ್ತದೊತ್ತಡಗಳ ಪರೀಕ್ಷೆ ಮಾಡಿಸಬೇಕು. ಕಿವಿ ಮಂದವಾಗಿದ್ದರೂ ಹಾಗೆ ಕೂಗುತ್ತವೆ. ಗಂಡು ಬೆಕ್ಕು ಮತ್ತೆ ಮತ್ತೆ ಉಚ್ಚೆಗೆ ಕೂತು, ಹನಿಯೂ ಬಾರದೆ ನರಳುತ್ತಿದ್ದರೆ ಮೂತ್ರನಾಳ ಕಟ್ಟಿದೆ ಎಂದರ್ಥ. ಬೆಳಗಾಗಲಿ ಎಂದು ಕಾಯಬೇಡಿ, ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಮನುಷ್ಯರ ನೋವಿನ ಮಾತ್ರೆಗಳನ್ನು ಮಾತ್ರ ಯಾವ ಕಾರಣಕ್ಕೂ ಕೊಡಕೂಡದು. ಪ್ಯಾರಸಿಟಮಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ, ಒಂದೇ ಮಾತ್ರೆ ಕೊಲ್ಲಬಲ್ಲದು. ಫಿನಾಯಿಲ್ ವಿಷಯವೂ ಅದೇ. ಬೆಕ್ಕು ಉಚ್ಚೆ ಹೊಯ್ದ ಜಾಗವನ್ನು ಫಿನಾಯಿಲ್ ಹಾಕಿ ಒರೆಸಿದರೆ ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕುತ್ತದೆ. ಬಟ್ಟೆ ಸೋಪಿನ ಪುಡಿ ಕಲಸಿದ ಬಿಸಿನೀರಲ್ಲಿ ತೊಳೆದು, ಸಾಧ್ಯವಿದ್ದರೆ ಬಿಸಿಲಿಗೆ ಒಡ್ಡಿದರೆ ಸಾಕು.

ಗೋಡೆಗೆ ಬೆನ್ನು ಮಾಡಿ ನಿಂತು, ಬಾಲವನ್ನು ನೆಟ್ಟಗೆ ಎತ್ತಿ ನಡುಗಿಸುತ್ತಾ ಚಿಮುಕಿಸುವುದು ಬೇರೆ ಸಂಗತಿ; ಅದು ಗುರುತು ಹಾಕುವುದು. ಬೀಜ ತೆಗೆಸಿದರೆ ಹತ್ತು ಗಂಡು ಬೆಕ್ಕುಗಳಲ್ಲಿ ಸುಮಾರು ಒಂಬತ್ತು ಇದನ್ನು ಬಿಡುತ್ತವೆ ಅಥವಾ ಬಹಳ ಕಡಿಮೆ ಮಾಡುತ್ತವೆ. ಅಲೆದಾಟ, ಕಾದಾಟಗಳೂ ಇಳಿಯುತ್ತವೆ. ಆದರೆ ಮಾರನೆಯ ದಿನವೇ ಅಲ್ಲ. ರಕ್ತದಲ್ಲಿರುವ ಹಾರ್ಮೋನು ಇಳಿಯಲು ಕೆಲವು ವಾರ ಹಿಡಿಯುತ್ತದೆ, ಅಷ್ಟು ದಿನ ಹೆಣ್ಣುಗಳಿಂದ ದೂರವೇ ಇಡಬೇಕು. ಬೆದೆಗೆ ಬಂದ ಹೆಣ್ಣು ಹೆಚ್ಚುಕಡಿಮೆ ಒಂದು ವಾರ ಹಗಲಿರುಳು ಕೂಗುತ್ತದೆ, ನೆಲದ ಮೇಲೆ ಹೊರಳುತ್ತದೆ. ಗಂಡು ಸೇರದಿದ್ದರೆ ಎರಡು ಮೂರು ವಾರದಲ್ಲಿ ಮತ್ತೆ ಅದೇ. ಆ ಕೂಗಿಗೆ ಬೀದಿಯ ಗಂಡುಗಳೆಲ್ಲ ಮನೆ ಸುತ್ತುತ್ತವೆ, ಜಗಳ ಅಲ್ಲಿಂದ ಮನೆಯೊಳಕ್ಕೆ ಬರುತ್ತದೆ. ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದಾದ್ದರಿಂದ ಐದು ತಿಂಗಳು ತುಂಬುವ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದು. ಮರಿಗಳನ್ನು ಎಂಟು ವಾರಕ್ಕಿಂತ ಮುಂಚೆ ತಾಯಿಯಿಂದ ಬಿಡಿಸಬಾರದು, ಹನ್ನೆರಡು ವಾರ ಇದ್ದರೆ ಇನ್ನೂ ಮೇಲು. ಎಷ್ಟು ಬಲವಾಗಿ ಕಚ್ಚಬಹುದು ಅನ್ನುವುದನ್ನು ಅವು ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುವಾಗ.

ಬೆಕ್ಕು ಕಚ್ಚಿದ ಗಾಯ ಸಣ್ಣ ತೂತಿನಂತೆ ಕಂಡರೂ ಆಳವಾಗಿರುತ್ತದೆ. ಬೆಕ್ಕಿನ ಮೈಯಲ್ಲಾದರೆ ಮೇಲಿನ ಚರ್ಮ ಕೂಡಿಕೊಂಡು ಒಳಗೆ ಕೀವಾಗುತ್ತದೆ, ಎರಡು ಮೂರು ದಿನಕ್ಕೆ ಊತ, ಜ್ವರ. ಮನುಷ್ಯರಿಗೆ ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ. ಲಸಿಕೆಯನ್ನು ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ಹಾಕಿಸಬೇಕು. ಕಾರಣವಿಲ್ಲದೆ ಎಲ್ಲರ ಮೇಲೂ ಎರಗುವ, ದನಿ ಬದಲಾದ, ಜೊಲ್ಲು ಸುರಿಸುವ ಬೆಕ್ಕಿನ ಹತ್ತಿರ ಹೋಗದೆ ಪಶು ಆಸ್ಪತ್ರೆಗೆ ತಿಳಿಸಿ.

ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಕಾನೂನಿನ ಹೆದರಿಕೆಗಿಂತ ಜನರಿಗೆ ಬೇಕಿರುವುದು ಕೈಗೆಟುಕುವ ಸೌಲಭ್ಯ. ಜಿಲ್ಲೆಯ ಪ್ರತಿ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನವನ್ನು ಬೆಕ್ಕುಗಳ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಗೆಂದೇ ಗೊತ್ತುಮಾಡಿ, ಆ ದಿನ ಯಾವುದೆಂದು ಮೊದಲೇ ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ಪಶುಸಂಗೋಪನಾ ಇಲಾಖೆಯನ್ನು ಕೋರುತ್ತೇನೆ. ಅಂದು ದನ, ನಾಯಿಗಳ ಸರದಿಯಿಂದ ದೂರದಲ್ಲಿ ಒಂದು ಬೇರೆ ಕೋಣೆ ಕೊಟ್ಟು, ಬರುವವರು ಬೆಕ್ಕಿನ ಬುಟ್ಟಿಗೆ ಬಟ್ಟೆ ಮುಚ್ಚಿ ತರುವಂತೆ ತಿಳಿಸಿದರೆ ವೈದ್ಯರ ಕೆಲಸವೂ ಹಗುರಾಗುತ್ತದೆ.

ಇಂತಿ,
ಒಬ್ಬ ಪಶುವೈದ್ಯ, ತುಮಕೂರು